ಒಳಗೆ ಆಳಿದೆ

ಅವರನ್ನು ಎಲ್ಲರೂ ಬೋರ್ಡು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಒಂದು ಸೋಪಿನ ಕಾರ್ಖಾನೆಯಲ್ಲಿ ಸುರಕ್ಷತಾ ಮೇಲ್ವಿಚಾರಕರು, ಅಷ್ಟೇ. ಯಾವ ಗೋಡೆಗೆ ಯಾವ ಫಲಕ, ಯಾವ ಬಣ್ಣ, ಎಷ್ಟು ಎತ್ತರ, ಅದರ ಮೇಲೆ ಏನು ಬರೆದಿರಬೇಕು ಎಂಬುದೆಲ್ಲ ಅವರ ಪಾಲಿನ ಕೆಲಸ. ಕೆಲಸ ಎಂದುಕೊಂಡು ಮಾಡಿ ಮುಗಿಸಿದ್ದರೆ ತೊಂದರೆಯಿರಲಿಲ್ಲ. ಮೇಷ್ಟ್ರಿಗೆ ಅದರ ಹುಚ್ಚು ಹಿಡಿದಿತ್ತು. ಬೀದಿಯಲ್ಲಿ ನಡೆಯುವಾಗ ಬೇರೆಯವರು ಎದುರಿಗೆ ಬಂದವರ ಮುಖ ನೋಡಿದರೆ ಇವರು ತಲೆ ಎತ್ತಿ ಬೋರ್ಡು ನೋಡುತ್ತಿದ್ದರು. ಹಾಗೆ ನೋಡುತ್ತಾ ಎರಡು ಸಲ ಚರಂಡಿಗೆ ಕಾಲು ಹಾಕಿದ್ದೂ ಉಂಟು. ಎರಡನೇ ಸಲ ಎದ್ದು ಬಂದವರು ಮೊದಲು ಹೇಳಿದ ಮಾತು, ಇಲ್ಲೊಂದು ಹಳದಿ ಮುಕ್ಕೋನ ಹಾಕಿಸಬೇಕು ಎಂಬುದು.

ಕಾರ್ಖಾನೆಗೆ ತಿರುಗುವ ರಸ್ತೆಯಲ್ಲಿ ಯಾರೋ ಪುಣ್ಯಾತ್ಮರು "ನಿಧನವಾಗಿ ಚಲಿಸಿ" ಎಂದು ಬರೆಸಿ ಹೋಗಿದ್ದರು. ವರ್ಷಗಟ್ಟಲೆ ಲಾರಿ, ಬಸ್ಸು, ಸೈಕಲ್ಲು ಅದರ ಕೆಳಗೇ ಓಡಾಡಿದರೂ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಮೇಷ್ಟ್ರು ಕೆಲಸಕ್ಕೆ ಸೇರಿದ ವಾರವೇ ಒಂದು ರಜಾದಿನ ಏಣಿ ಹೊತ್ತುಕೊಂಡು ಹೋಗಿ, ಡಬ್ಬಿಯಿಂದ ಬಣ್ಣ ತೆಗೆದು, ಧಕಾರಕ್ಕೆ ಒಂದು ದೀರ್ಘ ಎಳೆದು ಬಂದರು. "ಒಂದು ದೀರ್ಘ ಇಲ್ದೆ ಇಷ್ಟು ಜನ ಸತ್ತುಕೊಂಡು ಓಡಾಡ್ತಿದ್ರಲ್ರೀ!" ಎಂದು ಕಂಡಕಂಡವರಿಗೆಲ್ಲ ಹೇಳಿ ನಕ್ಕರು. ಬೋರ್ಡು ಮೇಷ್ಟ್ರು ಎಂಬ ಹೆಸರು ಅಂಟಿಕೊಂಡದ್ದು ಅವತ್ತೇ. ಅದನ್ನು ಅಣಕ ಎಂದು ಅವರು ಯಾವತ್ತೂ ತಿಳಿಯಲಿಲ್ಲ. ಬಿರುದು ಎಂದೇ ತಿಳಿದರು.

ಪ್ರತಿ ತಿಂಗಳ ಮೊದಲ ದಿನ ಗೇಟಿನ ಪಕ್ಕದ ಶೆಡ್ಡಿನಲ್ಲಿ ಅವರ ಪಾಠ. ಹೊಸಬರು, ಹಳಬರು, ಆಫೀಸಿನ ಗುಮಾಸ್ತರು, ಯಾರಿಗೂ ವಿನಾಯಿತಿ ಇಲ್ಲ. ಮೇಷ್ಟ್ರು ತಗಡಿನ ಫಲಕಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದರು, ಎದುರಿಗಿದ್ದವರು ಕೂಗಬೇಕು. ಕೆಂಪು ಗುಂಡು, ನಡುವೆ ಅಡ್ಡಗೆರೆ: ಮಾಡಬೇಡ. ಹಳದಿ ಮುಕ್ಕೋನ: ಜೋಪಾನ. ನೀಲಿ ಗುಂಡು: ಮಾಡಲೇಬೇಕು. ಹಸಿರು ಚೌಕ: ಈ ಕಡೆ ಹೋದರೆ ಬದುಕಿದೆ. "ಓದಕ್ಕೆ ಬರಲ್ಲ ಅನ್ನೋ ಸಬೂಬು ನನ್ನ ಹತ್ರ ನಡೆಯಲ್ಲ. ಬಣ್ಣ ಕಾಣುತ್ತಲ್ಲ? ಆಕಾರ ಕಾಣುತ್ತಲ್ಲ? ಸಾಕು!" ಎಂದು ಗದರುತ್ತಿದ್ದರು.

ಈ ಪಾಠದಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವರು ಬಾಯ್ಲರ್ ಮಾವ. ಬಾಯ್ಲರ್ ಮನೆಯಲ್ಲಿ ಕೆಲಸ ಮಾಡುತ್ತಲೇ ತಲೆ ನರೆತವರು, ಇಡೀ ಕಾರ್ಖಾನೆಗೇ ಮಾವ. ಚಿಕ್ಕಂದಿನಲ್ಲಿ ನಾಲ್ಕು ತರಗತಿ ಓದಿದ್ದರು, ಈಗಲೂ ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದರು. ಮೇಷ್ಟ್ರು ಫಲಕ ಎತ್ತುವ ಮೊದಲೇ ಇವರ ಉತ್ತರ ಸಿದ್ಧ. "ಮಾವ, ಹುಡುಗರು ಹೇಳ್ಲಿ ಬಿಡಿ," ಎಂದು ಮೇಷ್ಟ್ರೇ ತಡೆಯಬೇಕಾಗುತ್ತಿತ್ತು. ಹಾಗೆ ತಡೆಯುವಾಗ ಅವರಿಗೆ ಒಳಗೊಳಗೇ ಖುಷಿ. ಕಲಿಸಿದ್ದನ್ನು ಹೀಗೆ ಕಲಿಯುವ ಶಿಷ್ಯ ಯಾವ ಮೇಷ್ಟ್ರಿಗೆ ಬೇಡ?

ಈ ಕಾರ್ಖಾನೆಯಲ್ಲಿ ಸೋಪು ಕುದಿಯುವ ನಾಲ್ಕು ಉಕ್ಕಿನ ತೊಟ್ಟಿಗಳಿದ್ದವು. ಒಂದೊಂದೂ ಎರಡಾಳೆತ್ತರ. ಅವುಗಳಿಗೆ ಎಲ್ಲರೂ ಹಂಡೆ ಎನ್ನುತ್ತಿದ್ದರು. ಒಳಗೆ ಕಲಕಲು ಕಬ್ಬಿಣದ ರೆಕ್ಕೆಗಳು. ತಿಂಗಳಿಗೊಮ್ಮೆ ಹಂಡೆ ಬರಿದು ಮಾಡಿ, ಒಬ್ಬ ಏಣಿಯಲ್ಲಿ ಒಳಗಿಳಿದು, ಗೋಡೆಗೆ ಹಿಡಿದ ಗಸಿಯನ್ನು ಕೆರೆಯಬೇಕು. ಅವನು ಒಳಗಿರುವಾಗ ಕೆಳಗಡೆ ಯಾರೂ ಸ್ವಿಚ್ಚು ಹಾಕದಂತೆ ಸ್ವಿಚ್ಚಿಗೆ ಒಂದು ತಗಡಿನ ಬಿಲ್ಲೆ ನೇತು ಹಾಕುತ್ತಿದ್ದರು. ಸ್ವಿಚ್ಚಿಗೆ ಬೀಗವೂ ಬೇಕು ಎಂದು ನಿಯಮದ ಪುಸ್ತಕದಲ್ಲಿತ್ತು. ಬೀಗ ಪುಸ್ತಕದಲ್ಲೇ ಉಳಿದಿತ್ತು.

ಹಳೆಯ ಬಿಲ್ಲೆಗಳು ತುಕ್ಕು ಹಿಡಿದು ಅಕ್ಷರ ಅಳಿಸಿಹೋಗಿದ್ದವು. ಅವುಗಳ ಮೇಲೆ ಒಂದು ಅಡ್ಡ ಹಿಡಿದ ಕೈಯ ಚಿತ್ರ, ಕೆಳಗೆ "ಸ್ವಿಚ್ಚು ಹಾಕಬೇಡಿ" ಎಂದು ಬರಹ. ಹೊಸದು ಮಾಡಿಸಿ ಎಂದು ಮ್ಯಾನೇಜರ್ ಹೇಳಿದ್ದೇ ತಡ, ಮೇಷ್ಟ್ರು ಮೂರು ದಿನ ಕಾಗದದ ಮೇಲೆ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಬೇಡಿ ಬೇಡಿ ಎಂದು ಎಷ್ಟು ಬೇಡುವುದು? ಕಾರಣ ಹೇಳಿದರೆ ಮನುಷ್ಯ ತಾನೇ ನಿಲ್ಲುತ್ತಾನೆ ಎಂಬುದು ಅವರ ವಾದ. ಬಿಲ್ಲೆ ಅಂಗೈಯಷ್ಟು, ಬರಹ ಒಂದೇ ಉಸಿರಿನಲ್ಲಿ ಓದುವಂತಿರಬೇಕು, ದೂರದಿಂದಲೂ ಕಾಣಬೇಕು. ಚಿತ್ರ ತೆಗೆದು ಅಕ್ಷರ ದೊಡ್ಡದು ಮಾಡಿದರು. ಸ್ಟೋರಿನಲ್ಲಿ ಹಳದಿ ತಗಡು ಬೇಕಾದಷ್ಟು ಬಿದ್ದಿತ್ತು, ಕೆಂಪು ತರಿಸಲು ಎರಡು ವಾರ ಕಾಯಬೇಕು. ಹಳದಿಯೇ ಆಗಲಿ ಎಂದರು. ಕಡೆಗೆ ಉಳಿದದ್ದು ಎರಡೇ ಪದ:

ಒಳಗೆ ಆಳಿದೆ.

ಮೊದಲ ಬಿಲ್ಲೆಯನ್ನು ಮೇಷ್ಟ್ರು ಮನೆಗೇ ತಂದರು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದರು. ಮೇಷ್ಟ್ರು ಬಿಲ್ಲೆಯನ್ನು ಅವರ ಮೂಗಿನ ಮುಂದೆ ಹಿಡಿದು, "ಓದು ನೋಡೋಣ," ಎಂದರು.

ಹೆಂಡತಿ ಹಲ್ಲಿನಲ್ಲಿ ದಾರ ಕಡಿದು, ಓದಿ, "ಎಷ್ಟು ಆಳ ಇದೆಯಂತೆ?" ಎಂದರು.

"ಆಳ ಅಲ್ಲ ಕಣೇ, ಆಳು! ಒಳಗೆ ಆಳು ಇದೆ ಅಂತ."

"ನಂಗೆ ಹಾಗೆ ಕಾಣ್ತಪ್ಪ. ಬಾವಿಗೆ ಹಾಕೋ ಬೋರ್ಡು ಅಂದ್ಕೊಂಡೆ," ಎಂದು ಹೆಂಡತಿ ನಕ್ಕರು.

ಮೇಷ್ಟ್ರಿಗೆ ನಗು ಬರಲಿಲ್ಲ. ಹೊಲಿಗೆ ಯಂತ್ರದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಸಂಧಿಯ ಪಾಠ ಶುರು ಮಾಡಿದರು. ಆಳ ಮತ್ತು ಇದೆ ಸೇರಿದರೆ ನಡುವೆ ವಕಾರ ಬಂದು ಆಳವಿದೆ ಆಗುತ್ತದೆ, ಅದು ಆಗಮ ಸಂಧಿ. ಆಳು ಮತ್ತು ಇದೆ ಸೇರಿದರೆ ಉಕಾರ ಬಿದ್ದುಹೋಗಿ ಆಳಿದೆ ಆಗುತ್ತದೆ, ಅದು ಲೋಪ ಸಂಧಿ. "ಆಳಿದೆ ಅಂತ ಕಂಡಮೇಲೆ ಆಳ ಅಂತ ಅರ್ಥ ಮಾಡೋಕೆ ಬರೋದೇ ಇಲ್ಲ. ಶಾಲೆಗೆ ಹೋದವರಿಗೆ ಇದು ಗೊತ್ತಿರುತ್ತೆ," ಎಂದರು. ಕಡೆಯ ಮಾತು ಸ್ವಲ್ಪ ಚುಚ್ಚಿತು. ಹೆಂಡತಿ, "ನೀವು ಹೇಳಿದ್ಮೇಲೆ ಸರಿಯಾಗೇ ಇರುತ್ತೆ ಬಿಡಿ," ಎಂದು ಯಂತ್ರ ತುಳಿಯತೊಡಗಿದರು.

ಹನ್ನೊಂದು ಬಿಲ್ಲೆ ತಯಾರಾದವು. ನಾಲ್ಕು ತಿಂಗಳು ಅವು ಸ್ವಿಚ್ಚುಗಳ ಮೇಲೆ ನೇತಾಡಿದವು. ಏನೂ ಆಗಲಿಲ್ಲ. ಆಗಲಿಲ್ಲ ಏಕೆಂದರೆ ಹಂಡೆಯ ಸ್ವಿಚ್ಚು ನೋಡಿಕೊಳ್ಳುವವರು ಅದನ್ನು ಓದುತ್ತಲೇ ಇರಲಿಲ್ಲ. ಬಿಲ್ಲೆ ಇದ್ದರೆ ಮುಟ್ಟಬಾರದು ಎಂಬುದು ಅವರಿಗೆ ಹಳೆಯ ಕಾಲದಿಂದ ಬಾಯಿಂದ ಬಾಯಿಗೆ ಗೊತ್ತಿತ್ತು.

ಐದನೇ ತಿಂಗಳು ಒಂದು ಬೆಳಿಗ್ಗೆ ಮೂರನೇ ಹಂಡೆಯ ಸ್ವಿಚ್ಚಿನವನಿಗೆ ಜ್ವರ ಬಂತು. ಮಧ್ಯಾಹ್ನದವರೆಗೆ ನೋಡಿಕೊಳ್ಳಿ ಎಂದು ಮೇಸ್ತ್ರಿ ಬಾಯ್ಲರ್ ಮಾವನನ್ನು ಕರೆತಂದು ನಿಲ್ಲಿಸಿದ. ಹಂಡೆ ಕೆರೆಯುವವನು ಕೆಲಸ ಮುಗಿಸಿ ಮೇಲೆ ಬಂದಿದ್ದ. ಅದನ್ನು ಮೇಸ್ತ್ರಿ ಕಣ್ಣಾರೆ ಕಂಡಿದ್ದ. ಆದರೆ ಒಳಗೆ ಕೆರೆಯುವ ಉಳಿ ಮರೆತಿದ್ದೇನೆಂದು ಅವನು ಮತ್ತೆ ಇಳಿದದ್ದನ್ನು ಮೇಸ್ತ್ರಿ ಕಾಣಲಿಲ್ಲ. ಹಂಡೆಗಳ ಶೆಡ್ಡಿನ ಆ ತುದಿಯಿಂದ, "ಮಾವ, ಮೂರನೇದು ಹಾಕಿ!" ಎಂದು ಕೂಗಿದ.

ಸ್ವಿಚ್ಚಿನ ಮೇಲೆ ಬಿಲ್ಲೆ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಿತ್ತೆಸೆದು ಸ್ವಿಚ್ಚು ಹಾಕುತ್ತಿದ್ದರೋ, ಇಲ್ಲವೇ ಹಾಕದೆ ಮೇಸ್ತ್ರಿಯನ್ನು ಕರೆಯುತ್ತಿದ್ದರೋ. ಬಾಯ್ಲರ್ ಮನೆಯ ಮಾವನಿಗೆ ಹಂಡೆಯ ಕಡೆಯ ವಾಡಿಕೆ ಗೊತ್ತಿಲ್ಲ, ಆದರೆ ಶಿಸ್ತಿನ ಶಿಷ್ಯ. ಬಿಲ್ಲೆಯ ಮೇಲೆ ಬೆರಳಿಟ್ಟು ಓದಿದರು. ಬಣ್ಣ ಹಳದಿ. ಅಂದರೆ ಜೋಪಾನ, ಬೇಡ ಎಂದಲ್ಲ. ಒಳಗೆ ಆಳಿದೆ. ಹಿತ್ತಲಿನ ಗಸಿ ಗುಂಡಿಗಳ ಮೇಲೂ ಇದೇ ಹಳದಿ ತಗಡು, ಆಳವಿದೆ ಎಂದು. ಅದೂ ಮೇಷ್ಟ್ರ ಬರಹವೇ. ಮಾವ ಹಂಡೆಯ ಬಾಯಿಯ ಸುತ್ತ ಕಟ್ಟಿದ ಅಟ್ಟಣೆಯ ಕಡೆ ತಲೆ ಎತ್ತಿ, ಮೇಲಿರಬಹುದಾದವರಿಗೆ ಕೇಳಲೆಂದು, "ಆಳ ಇದೆಯಂತೆ, ಬಗ್ಗಬೇಡ್ರಪ್ಪೋ!" ಎಂದು ಗಟ್ಟಿಯಾಗಿ ಎಚ್ಚರಿಸಿದರು. ಉಳಿದ ಯಂತ್ರಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಬಿಲ್ಲೆಯನ್ನು ನಿಧಾನವಾಗಿ ತೆಗೆದು ಪಕ್ಕದ ಮೊಳೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದರು.

ರೆಕ್ಕೆ ಒಂದೂವರೆ ಸುತ್ತು ತಿರುಗಿತು. ಒಳಗಿನಿಂದ ಬಂದ ಕೂಗು ಕೇಳಿ ಸ್ವಿಚ್ಚು ತೆಗೆದವರೂ ಮಾವನೇ. ಹಂಡೆ ಕೆರೆಯುವವನ ಜೀವ ಉಳಿಯಿತು. ಬಲಗಾಲು ಮಂಡಿಯ ಕೆಳಗೆ ಮೂರು ಕಡೆ ಮುರಿದಿತ್ತು. ಇನ್ನು ಏಣಿ ಹತ್ತುವ ಕಾಲಲ್ಲ ಎಂದು ವೈದ್ಯರು ಹೇಳಿದರು. ಅವನಿಗೆ ಮೂವತ್ತೂ ತುಂಬಿರಲಿಲ್ಲ.

ವಾರದ ನಂತರ ಆಫೀಸಿನಲ್ಲಿ ವಿಚಾರಣೆ. ಮೇಜಿನ ಆ ಕಡೆ ಮ್ಯಾನೇಜರ್ ಮತ್ತು ಇಬ್ಬರು, ಮೂಲೆಯಲ್ಲಿ ಬರೆದುಕೊಳ್ಳುವ ಗುಮಾಸ್ತ, ಈ ಕಡೆ ಬಾಯ್ಲರ್ ಮಾವ. ಕುರ್ಚಿ ಕೊಟ್ಟಿದ್ದರೂ ಕೂರದೆ ನಿಂತೇ ಇದ್ದರು. ಬಿಲ್ಲೆ ಮೇಜಿನ ಮೇಲಿತ್ತು. ಮೇಷ್ಟ್ರನ್ನು ವಿಷಯ ಬಲ್ಲವರೆಂದು ಕರೆಸಿ, ಮ್ಯಾನೇಜರ್ ಪಕ್ಕದಲ್ಲೇ ಕೂರಿಸಿದ್ದರು.

"ಬಿಲ್ಲೆ ನೋಡಿದ್ರಾ?"

"ನೋಡ್ದೆ ಸಾರ್."

"ಓದಿದ್ರಾ?"

"ಓದ್ದೆ ಸಾರ್. ಆಳ ಇದೆ ಅಂತ ಓದ್ದೆ."

ಮೇಜಿನ ಆ ಕಡೆ ಒಬ್ಬರು, "ಹಂಡೆ ಆಳ ಇರದೆ ತಟ್ಟೆ ಥರ ಇರುತ್ತೇನ್ರೀ?" ಎಂದರು. ಎಲ್ಲರೂ ನಕ್ಕರು. ಎಷ್ಟು ಆಳ ಇದೆಯಂತೆ ಎಂದು ದಾರ ಕಡಿಯುತ್ತಾ ಕೇಳಿದ ಹೆಂಡತಿಯ ದನಿ ಮೇಷ್ಟ್ರ ಕಿವಿಯಲ್ಲೇ ಕೇಳಿಸಿತು. ಆದರೂ ಅವರ ಮುಖದ ಮೇಲೂ, ಉಳಿದವರ ಮುಖದ ಮೇಲೆ ಇದ್ದಂಥದ್ದೇ ಒಂದು ನಗು ಬಂದು ಕೂತಿತು. ಆ ನಗುವನ್ನು ಅವರು ಮುಂದೆ ಎಷ್ಟೋ ದಿನ ನೆನೆದು ಬೆವರಿದರು.

ಮ್ಯಾನೇಜರ್ ಇವರ ಕಡೆ ತಿರುಗಿದರು. "ನೀವೇ ಹೇಳಿ ಮೇಷ್ಟ್ರೇ. ಬರೆದಿರೋದು ಸ್ಪಷ್ಟವಾಗಿದೆಯೋ ಇಲ್ವೋ?"

ಇಲ್ಲ ಎಂದುಬಿಡಲು ಒಂದು ಕ್ಷಣ ಸಾಕಿತ್ತು. ಆ ಕ್ಷಣದಲ್ಲಿ ಮೇಷ್ಟ್ರು ನೋಡಿದ್ದು ಮಾವನನ್ನಲ್ಲ, ತಮ್ಮ ಹೆಸರನ್ನು. ಊರಿನವರ ತಪ್ಪನ್ನೆಲ್ಲ ಏಣಿ ಹತ್ತಿ ತಿದ್ದಿದ ಬೋರ್ಡು ಮೇಷ್ಟ್ರು, ಎರಡೇ ಪದದ ಬಿಲ್ಲೆಯಲ್ಲಿ ಎಡವಿದರು ಎಂದು ನಾಳೆ ಎಲ್ಲರ ಬಾಯಲ್ಲಿ ಬರುತ್ತದೆ. "ವ್ಯಾಕರಣದ ಪ್ರಕಾರ ಸ್ಪಷ್ಟವಾಗಿದೆ," ಎಂದರು.

ಗುಮಾಸ್ತ ಬರೆದುಕೊಂಡ. ವ್ಯಾಕರಣವನ್ನು ಬಿಟ್ಟು, ಸ್ಪಷ್ಟವಾಗಿದೆ ಎಂದಷ್ಟೇ ಬರೆದದ್ದು ಮೇಷ್ಟ್ರಿಗೆ ಕಂಡಿತು. ಜಗತ್ತಿನ ಬೋರ್ಡುಗಳಲ್ಲೆಲ್ಲ ಬಿಟ್ಟುಹೋದದ್ದನ್ನು ಹುಡುಕುವ ಕಣ್ಣು ಅದನ್ನು ಕಾಣದೆ ಇರುತ್ತದೆಯೇ? ಕಂಡೂ ಸುಮ್ಮನೆ ರುಜು ಹಾಕಿದರು.

ಮಾವನನ್ನು ಕೆಲಸದಿಂದ ತೆಗೆದರು. ಎಚ್ಚರಿಕೆಯ ಫಲಕವನ್ನು ಕಡೆಗಣಿಸಿದ್ದಕ್ಕೆ ಎಂದು ಕಾಗದದಲ್ಲಿ ಬರೆದಿತ್ತು. ಫಲಕವನ್ನು ಕಡೆಗಣಿಸಿದ! ಇಡೀ ಕಾರ್ಖಾನೆಯಲ್ಲಿ ಅದನ್ನು ಬೆರಳಿಟ್ಟು ಓದಿದ ಒಬ್ಬನೇ ಒಬ್ಬ ಮನುಷ್ಯನನ್ನು ಹಿಡಿದು ಹಾಗೆ ಬರೆದರು. ಹೊರಡುವ ದಿನ ಮಾವ ಡಬ್ಬಿ, ಚೀಲ ಹಿಡಿದು ಮೇಷ್ಟ್ರ ಕೋಣೆಯ ಬಾಗಿಲಿಗೆ ಬಂದರು. ಮೇಷ್ಟ್ರು ಫೈಲಿನಲ್ಲಿ ತಲೆ ಹುದುಗಿಸಿದರು.

"ಮೇಷ್ಟ್ರೇ, ನಿಮ್ಮ ಹೆಸರು ಕೆಡಿಸ್ಬಿಟ್ಟೆ. ಅಷ್ಟು ಕಷ್ಟಪಟ್ಟು ಹೇಳ್ಕೊಟ್ಟಿದ್ರಿ. ಈ ದಡ್ಡ ತಲೆಗೆ ಹೋಗ್ಲಿಲ್ಲ," ಎಂದರು ಮಾವ.

"ಹಾಗೆಲ್ಲ ಅನ್ಬೇಡಿ ಮಾವ," ಎಂದಷ್ಟೇ ಮೇಷ್ಟ್ರ ಬಾಯಿಂದ ಬಂತು. ಅದೂ ಸರಿಯಾಗಿ ಬರಲಿಲ್ಲ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಹಳದಿ ಬಿಲ್ಲೆಗಳನ್ನೆಲ್ಲ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡರು. ಬದಲಿಗೆ ಸದ್ದಿಲ್ಲದೆ ಮಾಡಿಸಿಟ್ಟಿದ್ದ ಕೆಂಪು ಗುಂಡು ಬಿಲ್ಲೆ, ಕೈಯ ಚಿತ್ರ, ಸ್ವಿಚ್ಚು ಹಾಕಬೇಡಿ. ಯಾಕೆ ಬದಲಾಯಿತು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ಹೇಳಲೆಂದು ನಾಲ್ಕು ಸುಳ್ಳು ಕಟ್ಟಿಟ್ಟುಕೊಂಡಿದ್ದರು, ಅವು ಖರ್ಚಾಗದೆ ಉಳಿದವು. ತಿಂಗಳ ಮೊದಲ ದಿನ ಪಾಠಕ್ಕೆ ನಿಂತಾಗ ಹಳದಿ ಮುಕ್ಕೋನ ಎತ್ತಿ ಹಿಡಿದರು. ಮುಂದಿನ ಸಾಲಿನಲ್ಲಿ ಉತ್ತರ ಹೇಳುವವರಿರಲಿಲ್ಲ. ಹೊಸ ಹುಡುಗನೊಬ್ಬ "ಜೋಪಾನ" ಎಂದ. ಮೇಷ್ಟ್ರಿಗೆ ಕೆನ್ನೆಗೆ ಹೊಡೆದಂತಾಗಿ, ತಲೆನೋವು ಎಂದು ಹೇಳಿ ಪಾಠ ಅರ್ಧಕ್ಕೇ ನಿಲ್ಲಿಸಿದರು.

ಬಟ್ಟೆಯ ಕಪಾಟಿನ ಹಿಂಬದಿಯಲ್ಲಿ ಅಡಗಿಸಿಟ್ಟ ಕೈಚೀಲ ಹೆಂಡತಿಯ ಕೈಗೆ ಸಿಕ್ಕದೆ ಇರಲಿಲ್ಲ. ಒಂದು ಬಿಲ್ಲೆಯನ್ನು ಹಿಡಿದುಕೊಂಡು ಬಂದು ಮಂಚದ ತುದಿಯಲ್ಲಿ ಕೂತರು. ಮೇಷ್ಟ್ರು ಬೈಗುಳಕ್ಕೆ ಸಿದ್ಧರಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನಾನು ಅವತ್ತು ತಮಾಷೆಗೆ ಅಂದ್ಬಿಟ್ಟೆ ರೀ," ಎಂದರು ಹೆಂಡತಿ. "ನಗಾಡದೆ ಗಟ್ಟಿಯಾಗಿ ಹೇಳಿದ್ರೆ ನೀವು ಕೇಳ್ತಿದ್ರೇನೋ. ಅಷ್ಟು ದಿನದಿಂದ ಅದೇ ಕೊರೀತಾ ಇದೆ. ಆ ಹುಡುಗನ ಕಾಲು ನೆನೆಸ್ಕೊಂಡ್ರೆ ಊಟ ಸೇರಲ್ಲ."

ಮೇಷ್ಟ್ರು ಗೋಡೆ ನೋಡಿದರು. ತಮ್ಮ ತಪ್ಪನ್ನು ಬಾಯ್ಲರ್ ಮಾವ ಒಂದು ಕಡೆ ಹೊತ್ತುಕೊಂಡು ಹೋಗಿದ್ದಾರೆ, ಇವಳು ಇನ್ನೊಂದು ಕಡೆ ಹೊತ್ತುಕೊಂಡು ಕೂತಿದ್ದಾಳೆ. ಹೊರಬೇಕಾದವನು ಮಾತ್ರ ಕೈ ಬೀಸಿಕೊಂಡು ಓಡಾಡುತ್ತಿದ್ದಾನೆ. ಅವರಿಗೆ ನಾಚಿಕೆಯಾಯಿತು, ಅದನ್ನು ಹೇಳಲು ಬೇರೆ ಮಾತೇ ಇಲ್ಲ. ಆದರೂ ನಾಚಿಕೆ ಅವರನ್ನು ಎಬ್ಬಿಸಿ ನಡೆಸಲಿಲ್ಲ. ಮಲಗಿಸಿತು. ಮಾರನೆಯ ದಿನವೂ ಎಂದಿನಂತೆ ಕೆಲಸಕ್ಕೆ ಹೋದರು.

ಕಡೆಗೆ ಅವರನ್ನು ನಡೆಸಿದ್ದು ಒಂದು ರಸ್ತೆ ಕೆಲಸ. ಬೇಸಿಗೆ ಶುರುವಾಗುವ ಹೊತ್ತಿಗೆ ಕಾರ್ಖಾನೆಯ ದಾರಿಯಲ್ಲಿ ಅರ್ಧ ರಸ್ತೆ ಅಗೆದು, ವಾಹನಗಳನ್ನು ಒಂದೇ ಬದಿಯಲ್ಲಿ ಸರದಿಯ ಮೇಲೆ ಬಿಡುತ್ತಿದ್ದರು. ತುದಿಯಲ್ಲಿ ಒಬ್ಬರು ಕೋಲಿಗೆ ಸಿಕ್ಕಿಸಿದ ಗುಂಡನೆಯ ಫಲಕ ಹಿಡಿದು ನಿಂತಿದ್ದರು. ಒಂದು ಮುಖ ಕೆಂಪು, ನಿಲ್ಲಿ. ಇನ್ನೊಂದು ಮುಖ ಹಸಿರು, ಹೋಗಿ. ಮೇಷ್ಟ್ರ ಸ್ಕೂಟರಿನ ಮುಂದೆ ಕೆಂಪು ತಿರುಗಿತು. ಅವರು ನಿಲ್ಲಿಸಿ, ಅಭ್ಯಾಸ ಬಲದಿಂದ ಫಲಕದ ಅಳತೆ ಸರಿಯಿದೆಯೇ ಎಂದು ನೋಡಿ, ಆಮೇಲೆ ಅದನ್ನು ಹಿಡಿದವರ ಮುಖ ನೋಡಿದರು. ಬಾಯ್ಲರ್ ಮಾವ. ಬಿಸಿಲಿಗೆ ಕರಗಿದ ಡಾಂಬರು ಚಪ್ಪಲಿಗೆ ಅಂಟಿಕೊಂಡಿತ್ತು.

"ಓ, ಮೇಷ್ಟ್ರು!" ಮಾವನ ಮುಖ ಅರಳಿತು. "ಚೆನ್ನಾಗಿದೀರಾ? ಇದು ನೋಡಿ, ನನಗೆ ಸರಿಯಾದ ಕೆಲಸ. ಈ ಕಡೆ ನಿಲ್ಲಿ, ಆ ಕಡೆ ಹೋಗಿ. ತಪ್ಪು ಓದೋಕೆ ಏನೂ ಇಲ್ಲ."

ಆ ಮಾತಿನಲ್ಲಿ ಕುಟುಕಿರಲಿಲ್ಲ. ಮೇಷ್ಟ್ರು ಹುಡುಕಿದರು, ಇರಲಿಲ್ಲ. ಕುಟುಕಿದ್ದರೆ ಉತ್ತರ ಕೊಡಬಹುದಿತ್ತು. ಆಗಲೇ ಹಸಿರು ತಿರುಗಿತು. ಹಿಂದಿನ ಲಾರಿ ಹಾರ್ನು ಹೊಡೆಯಿತು. ಮೇಷ್ಟ್ರು ಹೋಗಲಿಲ್ಲ. "ರೀ ಮೇಷ್ಟ್ರೇ, ಹಸಿರು! ಹೋಗಿ ಹೋಗಿ, ಲಾರಿ ಬರ್ತಿದೆ," ಎಂದು ಮಾವನೇ ಸ್ಕೂಟರಿನ ಬೆನ್ನು ತಟ್ಟಿ ಕಳಿಸಬೇಕಾಯಿತು.

ಮೇಷ್ಟ್ರು ನೇರ ಮ್ಯಾನೇಜರ್ ಕೋಣೆಗೆ ಹೋದರು. ನಿಂತೇ ಹೇಳಿದರು. ಬಿಲ್ಲೆಯ ಬರಹ ತಪ್ಪು, ಬಣ್ಣ ತಪ್ಪು, ಚಿತ್ರ ತೆಗೆದದ್ದು ತಪ್ಪು. ಆಳ ಎಂದು ಓದಬಹುದೆಂದು ನನ್ನ ಹೆಂಡತಿ ಮೊದಲೇ ಹೇಳಿದ್ದಳು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಚಾರಣೆಯಲ್ಲಿ ಗೊತ್ತಿದ್ದೂ ಮುಚ್ಚಿಟ್ಟೆ.

ಮ್ಯಾನೇಜರ್ ಬಾಗಿಲು ಹಾಕಿ ಬಂದರು. "ಮುಗಿದ ಕಥೆ ಮೇಷ್ಟ್ರೇ. ಈಗ್ಯಾಕೆ ಕೆದಕ್ತೀರಾ? ನಿಮ್ಮ ಮರ್ಯಾದೆನೂ ಹೋಗುತ್ತೆ."

"ಅದು ಹೋಗಿ ಐದು ತಿಂಗಳಾಯ್ತು ಸಾರ್. ಬರಕೊಡ್ತೀನಿ, ತಗೊಳ್ಳಿ."

ಎರಡು ಪುಟ ಬರೆದುಕೊಟ್ಟರು. ಒಂದು ಪ್ರತಿಯನ್ನು ಗೇಟಿನ ಪಕ್ಕದ ನೋಟಿಸ್ ಬೋರ್ಡಿಗೆ ತಾವೇ ಅಂಟಿಸಿದರು. ಜನ ಗುಂಪುಗಟ್ಟಿ ಓದಿದರು. ಯಾರೋ ಹಿಂದಿನಿಂದ, "ಒಳಗೆ ಆಳ ಇದೆ ಕಣ್ರೋ ಮೇಷ್ಟ್ರದ್ದು!" ಎಂದ. ನಗು ಎದ್ದಿತು. ಮೇಷ್ಟ್ರು ಆ ನಗುವಿನ ನಡುವೆಯೇ ದಾರಿ ಮಾಡಿಕೊಂಡು ಹೋದರು. ಹದಿನೈದು ದಿನದಲ್ಲಿ ಬಾಯ್ಲರ್ ಮಾವ ಮರಳಿ ಬಾಯ್ಲರ್ ಮನೆಗೆ ಬಂದರು. ಮೇಷ್ಟ್ರನ್ನು ಸುರಕ್ಷತೆಯ ಕೆಲಸದಿಂದ ತೆಗೆದು ಸ್ಟೋರಿಗೆ ಹಾಕಿದರು, ಮೊಳೆ, ನಟ್ಟು, ಗೋಣಿಚೀಲ ಎಣಿಸಲು. ಮಾವ ಸ್ಟೋರಿನ ಕಿಟಕಿಗೆ ಬಂದು, "ನಂಗೋಸ್ಕರ ಯಾಕೆ ಹೀಗೆ ಮಾಡ್ಕೊಂಡ್ರಿ ಮೇಷ್ಟ್ರೇ?" ಎಂದು ಕಣ್ಣೊರೆಸಿಕೊಂಡರು.

ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಆದಮೇಲೆ ಮೇಷ್ಟ್ರಿಗೆ ಸ್ವಲ್ಪ ಹಿತವಾಗಿತ್ತು. ಒಳ್ಳೆಯ ನಿದ್ದೆ ಬರತೊಡಗಿತ್ತು. ತಪ್ಪೊಪ್ಪಿಕೊಳ್ಳಲು ಎಷ್ಟು ಜನಕ್ಕೆ ಧೈರ್ಯ ಇರುತ್ತದೆ ಎಂದು ಒಂದೆರಡು ಸಲ ಹೆಂಡತಿಯ ಮುಂದೆ ಅಂದೂ ಇದ್ದರು. ಹೆಂಡತಿ, "ಆ ಹುಡುಗನ ಮನೆಗೆ ಹೋಗಿ ಬಂದ್ರಾ?" ಎಂದು ಕೇಳಿದರು. ಹೋಗಿರಲಿಲ್ಲ. ಆ ರಜಾದಿನ ಒಂದು ಹಳದಿ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಹೊರಟರು. ಕ್ಷಮೆ ಕೇಳುವುದು, ಅವನು ಇರಲಿ ಬಿಡಿ ಎನ್ನುವುದು, ಅಲ್ಲಿಗೆ ಒಂದು ಮುಕ್ತಾಯ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದರು.

ಹಂಡೆ ಕೆರೆಯುವವನ ಮನೆ ಒಂದೇ ಕೋಣೆಯದು. ತಾಯಿ ನೀರು ಹಿಡಿಯಲು ಬೀದಿಯ ನಲ್ಲಿಗೆ ಹೋಗಿದ್ದಳು. ಅವನು ಕಿಟಕಿಯ ಬೆಳಕಿಗೆ ಕೂತು, ಯಾರದೋ ಹಳೆಯ ಕುರ್ಚಿಗೆ ಪ್ಲಾಸ್ಟಿಕ್ ಪಟ್ಟಿ ಹೆಣೆಯುತ್ತಿದ್ದ. ಬಲಗಾಲನ್ನು ಒಂದು ಮಣೆಯ ಮೇಲೆ ನೀಡಿದ್ದ. ಏಳಲು ಹೋದವನನ್ನು ಮೇಷ್ಟ್ರು ಹೆಗಲು ಹಿಡಿದು ಕೂರಿಸಿದರು. ಎಲ್ಲವನ್ನೂ ಹೇಳಿದರು. ಸಂಧಿ, ಬಣ್ಣ, ಚಿತ್ರ, ವಿಚಾರಣೆ, ಯಾವುದನ್ನೂ ಬಿಡಲಿಲ್ಲ. ಅವನು ಪಟ್ಟಿ ಹೆಣೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

"ನಾನು ಅದನ್ನ ಓದೇ ಇಲ್ಲ ಮೇಷ್ಟ್ರೇ," ಎಂದ ಕಡೆಗೆ. "ಅದನ್ನ ನೇತು ಹಾಕೋ ಹೊತ್ತಿಗೆ ನಾನು ಒಳಗಿರ್ತಿದ್ದೆ. ಇದೆಯಾ? ಕೊಡಿ."

ಬಿಲ್ಲೆ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಓದಿದ. ಇನ್ನೊಮ್ಮೆ ಓದಿದ.

"ಆಳು ಇದೆ ಅಂತಲಾ ನೀವು ಬರ್ದಿದ್ದು?"

"ಹೌದಪ್ಪ."

"ಆಳು ಅಂದ್ರೆ ನಾನು."

"ಹೌದು."

"ನಾನು ಇದೆಯಾ?"

ಮೇಷ್ಟ್ರಿಗೆ ತಟ್ಟನೆ ಅರ್ಥವಾಗಲಿಲ್ಲ. ಅವನು ಬಿಲ್ಲೆಯನ್ನು ಅವರ ಕಡೆ ತಿರುಗಿಸಿ, ಕಡೆಯ ಎರಡಕ್ಷರದ ಕೆಳಗೆ ಹೆಬ್ಬೆರಳಿಟ್ಟ.

"ಬಕೀಟು ಇದೆ, ಏಣಿ ಇದೆ ಅಂತೀವಲ್ಲ, ಹಾಗೆ ಬರ್ದಿದೀರ. ಇದ್ದಾನೆ ಅಂತ ಬರೆದಿದ್ರೆ, ಆಳ ಅಂತ ಮಾವ ಓದ್ತಿದ್ರಾ?"

ಮೇಷ್ಟ್ರು ತುಟಿಯೊಳಗೇ ಓದಿಕೊಂಡರು. ಒಳಗೆ ಆಳಿದ್ದಾನೆ. ಇನ್ನೊಂದು ಸಲ ಓದಿಕೊಂಡರು. ಬೆರಳಿಟ್ಟು ಓದಲಿ, ಓಡುತ್ತಾ ಓದಲಿ, ಯಾವ ಬಣ್ಣದ ತಗಡಿನ ಮೇಲಾದರೂ ಓದಲಿ, ಅದನ್ನು ಆಳ ಎಂದು ಓದಲು ಯಾರಿಗೂ ಸಾಧ್ಯವಿರಲಿಲ್ಲ. ಅವರು ಬರೆದುಕೊಟ್ಟ ಎರಡು ಪುಟದಲ್ಲಿ ಇದೊಂದು ಇರಲಿಲ್ಲ. ಬಿಲ್ಲೆ ಬರೆದ ಮೂರು ದಿನದಲ್ಲೂ, ಆಮೇಲಿನ ಇಷ್ಟು ತಿಂಗಳ ನಾಚಿಕೆಯಲ್ಲೂ ಇದು ಅವರ ತಲೆಗೆ ಹೊಳೆದಿರಲಿಲ್ಲ.

"ಇಲ್ಲ," ಎಂದರು.

"ಜಾಗ ಸಾಲ್ಲಿಲ್ವಾ?"

ಸುಳ್ಳು ಹೇಳಲು ಇದೊಂದು ಒಳ್ಳೆಯ ಅವಕಾಶ. ಅವನೇ ಮುಂದೆ ಇಟ್ಟಿದ್ದ. "ಸಾಲ್ತಿತ್ತು," ಎಂದರು ಮೇಷ್ಟ್ರು.

ಅವನು ಇರಲಿ ಬಿಡಿ ಎಂದು ಅನ್ನಲಿಲ್ಲ. ಬಿಲ್ಲೆಯನ್ನು ಅವರ ಕೈಗೆ ಮರಳಿ ಕೊಟ್ಟು, ಪಟ್ಟಿಯ ತುದಿ ಹುಡುಕಿ ಮತ್ತೆ ಹೆಣೆಯತೊಡಗಿದ. ಹೊರಗೆ ಕೊಡ ಇಳಿಸಿದ ಸದ್ದಾಯಿತು. ಬಾಗಿಲಲ್ಲಿ ಪರಿಚಯವಿಲ್ಲದ ಚಪ್ಪಲಿ ಕಂಡು ತಾಯಿ ಅಲ್ಲಿಂದಲೇ ಕೇಳಿದಳು.

"ಯಾರೋ ಅದು, ಒಳಗೆ?"

"ಮೇಷ್ಟ್ರು ಇದ್ದಾರಮ್ಮ," ಎಂದ ಅವನು.